ಹಬ್ಬದ ಬೆಳಿಗ್ಗೆ ಮೆಹಂದಿ ಕಿತ್ತಳೆ ಬಣ್ಣಕ್ಕೇ ನಿಂತುಬಿಡುತ್ತದೆ: ಚಾಂದ್ ರಾತ್ ಲೆಕ್ಕ, ಮನೆ ಕೋನ್, ಕಪ್ಪು ಕೋನ್

ನೂರ್_ದಾವಣಗೆರೆ
ಈ ಸಲ ರಂಜಾನ್ ಹಬ್ಬಕ್ಕೆ ಅಂಗಡಿ ಮೆಹಂದಿ ಕೋನ್ ಬೇಡ, ಮನೆಯಲ್ಲೇ ಮಾಡೋಣ ಅಂತ ತೀರ್ಮಾನ ಆಗಿದೆ. ಎಂಟು ಜನ ಹೆಂಗಸರು, ಮೂವರು ಮಕ್ಕಳು, ಅದರಲ್ಲಿ ಒಂದು ಎಂಟು ತಿಂಗಳ ಕೂಸು. ಮೂರು ಪ್ರಶ್ನೆ:
ಚಾಂದ್ ರಾತ್‌ಗೆ (ಹಬ್ಬದ ಚಂದ್ರ ಕಂಡ ರಾತ್ರಿ) ಹಚ್ಚಿದ ಅಪ್ಪಟ ಮೆಹಂದಿ ಬೆಳಿಗ್ಗೆ ನಮಾಜಿನ ಹೊತ್ತಿಗೆ ಬರೀ ಕಿತ್ತಳೆ ಯಾಕೆ? ಅಂಗಡಿ ಕೋನ್ ಹಾಗಾಗಲ್ಲವಲ್ಲ?
ಎಷ್ಟು ಪುಡಿಗೆ ಎಷ್ಟು ನಿಂಬೆರಸ, ಎಷ್ಟು ಎಣ್ಣೆ?
"24 ಗಂಟೆ ನೀರು ತಾಗಿಸಬೇಡಿ" ಅಂತ ಎಲ್ಲರೂ ಹೇಳುತ್ತಾರೆ. ಐದು ಹೊತ್ತು ನಮಾಜಿಗೆ ಮೊದಲು ವುಜೂ (ಕೈಕಾಲು, ಮುಖ ತೊಳೆಯುವುದು) ಮಾಡುವವರು ಏನು ಮಾಡಬೇಕು?

ಕೋನ್_ಕೈ (ಶಿವಾಜಿನಗರ)
ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಅದು ಸುಲಭ.

100 ಗ್ರಾಂ ಪುಡಿಗೆ: ಸಕ್ಕರೆ 25ರಿಂದ 30 ಗ್ರಾಂ, ನೀಲಗಿರಿ ಎಣ್ಣೆ ಅಥವಾ ಟೀ ಟ್ರೀ ಎಣ್ಣೆ 30 ಎಂಎಲ್, ನಿಂಬೆರಸ ಮತ್ತು ನೀರು ಸೇರಿ 250ರಿಂದ 300 ಎಂಎಲ್. ನಿಂಬೆರಸವೊಂದನ್ನೇ ಹಾಕಿದರೆ ಕೆಲವರ ಚರ್ಮ ಒಣಗಿ ತುರಿಸುತ್ತೆ, ಅದಕ್ಕೇ ಅರ್ಧಕ್ಕರ್ಧ. ಪೂರ್ತಿ ದ್ರವ ಒಂದೇ ಸಲ ಸುರಿಯಬೇಡಿ. ಮೊದಲು ಪುಡಿ, ಸಕ್ಕರೆ, ಎಣ್ಣೆ, ಮುಕ್ಕಾಲು ಪಾಲು ದ್ರವ ಹಾಕಿ ಚಪಾತಿ ಹಿಟ್ಟಿಗಿಂತ ಸಡಿಲ, ಇಡ್ಲಿ ಹಿಟ್ಟಿಗಿಂತ ಗಟ್ಟಿ ಅನ್ನುವ ಹದಕ್ಕೆ ಕಲಸಿ. ಪ್ಲಾಸ್ಟಿಕ್ ಹಾಳೆಯನ್ನು ನೇರ ಹಿಟ್ಟಿನ ಮೈಗೇ ಅಂಟುವ ಹಾಗೆ ಮುಚ್ಚಿ, ಗಾಳಿ ಆಡಬಾರದು. ಬಣ್ಣ ಬಿಟ್ಟ ಮೇಲೆ ಉಳಿದ ದ್ರವವನ್ನು ಚಮಚ ಚಮಚವಾಗಿ ಸೇರಿಸಿ. ಚಮಚದಿಂದ ಎತ್ತಿ ಬಿಟ್ಟಾಗ ರಿಬ್ಬನ್ ಹಾಗೆ ಇಳಿದು, ಬಿದ್ದ ಗುರುತು ಎರಡು ಮೂರು ಸೆಕೆಂಡ್ ನಿಂತು ಮಾಯವಾಗಬೇಕು. ತಕ್ಷಣ ಮಾಯವಾದರೆ ತೆಳು, ಮಾಯವೇ ಆಗದಿದ್ದರೆ ಕೈ ನೋಯುವಷ್ಟು ಗಟ್ಟಿ.

ಪುಡಿ ತಲೆಗೆ ಹಚ್ಚುವುದು ಬೇರೆ, ಕೈಗೆ ಹಚ್ಚುವುದು ಬೇರೆ. ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್ ಪುಡಿ (2021ರಲ್ಲಿ ಅದಕ್ಕೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ) ಇಲ್ಲಿ ಸುಲಭವಾಗಿ ಸಿಗುತ್ತೆ. ಕೈಗೆ ಅಂತಲೇ ಕೇಳಿ, ಮೂರು ಸಲ ಜರಡಿ ಹಿಡಿದದ್ದು. ತಲೆಗೆ ಮಾರುವುದರಲ್ಲಿ ಎಲೆಯ ನರ, ಕೆಲವೊಮ್ಮೆ ಮರಳು ಕೂಡ ಇರುತ್ತೆ. ಒಂದು ಚಮಚ ಪುಡಿ ಗಾಜಿನ ಲೋಟದ ನೀರಿಗೆ ಹಾಕಿ ಕದಡಿ ಬಿಡಿ. ತಳಕ್ಕೆ ಬೇಗ ಕೂತು ಬೆರಳಿಗೆ ಕರಕರ ಅನ್ನುವುದು ಮರಳು. ಗಿಳಿಹಸಿರು ಬಣ್ಣದ ಪುಡಿ ಕಂಡರೆ ಬಿಟ್ಟುಬಿಡಿ, ಬಣ್ಣ ಬೆರೆಸಿರುತ್ತಾರೆ. ಒಳ್ಳೆ ಪುಡಿ ಮಾಸಲು ಹಸಿರು, ಒಣಹುಲ್ಲಿನ ವಾಸನೆ.

ಸೋಸುವುದನ್ನು ಮಾತ್ರ ತಪ್ಪಿಸಬೇಡಿ. ಹೊಸ ನೈಲಾನ್ ಕಾಲುಚೀಲದಲ್ಲಿ ಹಿಟ್ಟು ತುಂಬಿ ಹಿಂಡಿದರೆ ನಾರೆಲ್ಲಾ ಒಳಗೇ ಉಳಿಯುತ್ತೆ. ಕೋನ್ ತುದಿ ನಡುವೆ ಕಟ್ಟಿಕೊಂಡು, ಒತ್ತಿದಾಗ ಪಿಚಕ್ಕನೆ ಚಿಮ್ಮಿ ಡಿಸೈನ್ ಹಾಳಾಗುವುದು ಈ ನಾರಿನಿಂದಲೇ.

ಕೋನ್‌ಗೆ ಹೂಗುಚ್ಛ ಸುತ್ತುವ ಪಾರದರ್ಶಕ ಹಾಳೆ, 6 ಇಂಚು × 8 ಇಂಚು. ಉದ್ದ ಬದಿಯ ನಟ್ಟನಡುವೆ ತುದಿ ಬರುವ ಹಾಗೆ ಸುತ್ತಿ, ತುದಿಗೆ ಗುಂಡುಸೂಜಿ ಇಟ್ಟುಕೊಂಡು ಬಿಗಿ ಮಾಡಿ, ಸೆಲೋಟೇಪ್ ಹಚ್ಚಿ, ಸೂಜಿ ಎಳೆಯಿರಿ. ತುಂಬುವುದು ಮುಕ್ಕಾಲು ಭಾಗ ಮಾತ್ರ, ಸುಮಾರು 25 ಗ್ರಾಂ. 100 ಗ್ರಾಂ ಪುಡಿಗೆ ಹದಿನಾಲ್ಕು ಹದಿನೈದು ಕೋನ್ ಬರುತ್ತೆ. ಎರಡು ಅಂಗೈಗೆ ಹಗುರ ಅರೇಬಿಕ್ ಬಳ್ಳಿ ಅಂದರೆ ಒಂದು ಕೋನ್ ಸಾಕು. ನಿಮ್ಮ ಮನೆಗೆ 100 ಗ್ರಾಂ ಧಾರಾಳ.

ರಸಾಯನ_ಮೇಷ್ಟ್ರು
ಮೊದಲನೇ ಪ್ರಶ್ನೆಗೆ. ಎಲೆಯೊಳಗೆ ಬಣ್ಣ ನೇರವಾಗಿ ಇರುವುದಿಲ್ಲ, ಸಕ್ಕರೆಯ ಅಣುವಿಗೆ ಕಟ್ಟಿಹಾಕಿಕೊಂಡ ರೂಪದಲ್ಲಿರುತ್ತದೆ. ಹುಳಿ ನೀರಿನಲ್ಲಿ ಕಲಸಿ ಇಟ್ಟಾಗ ಆ ಕಟ್ಟು ಬಿಚ್ಚಿ ಲಾಸೋನ್ ಎಂಬ ಬಣ್ಣದ ಅಣು ಹೊರಬರುತ್ತದೆ. ಒಣ ಎಲೆಯ ತೂಕದಲ್ಲಿ ಲಾಸೋನ್ ಶೇ. 1ರ ಆಸುಪಾಸು, ಒಳ್ಳೆ ಬೆಳೆಯಲ್ಲಿ 2ರ ಹತ್ತಿರ. ಇದು ಚರ್ಮದ ಮೇಲ್ಪದರದ ಪ್ರೋಟೀನ್ ಆದ ಕೆರಾಟಿನ್‌ಗೆ ಅಂಟಿಕೊಂಡಾಗ ಕಾಣುವುದು ಕಿತ್ತಳೆ. ಆಮೇಲೆ ಗಾಳಿಯ ಆಮ್ಲಜನಕದ ಜೊತೆ ಸೇರುತ್ತಾ ಕಂದು, ಕಡುಗೆಂಪು ಆಗುತ್ತದೆ. ಈ ಎರಡನೇ ಹಂತಕ್ಕೆ ಹಿಟ್ಟು ತೆಗೆದ ಮೇಲೆ 24ರಿಂದ 48 ಗಂಟೆ ಬೇಕು. ಅಂದರೆ ನಿಮ್ಮ ಮೆಹಂದಿಯಲ್ಲಿ ದೋಷವಿಲ್ಲ, ವೇಳೆ ಸಾಲಲಿಲ್ಲ. ಬೆಳಿಗ್ಗೆ ಕಿತ್ತಳೆ ಇರುವುದೇ ಅದು ಅಪ್ಪಟ ಎಂಬುದಕ್ಕೆ ಗುರುತು.

ಕಲಸಿದ ಹಿಟ್ಟಿಗೂ ಆಯಸ್ಸಿದೆ. 25 ಡಿಗ್ರಿ ಆಸುಪಾಸಿನಲ್ಲಿ 8ರಿಂದ 12 ಗಂಟೆಗೆ ಬಣ್ಣ ಬಿಡುತ್ತದೆ. 35 ದಾಟಿದರೆ 3ರಿಂದ 4 ಗಂಟೆ ಸಾಕು. ಪರೀಕ್ಷೆ: ಅಂಗೈಗೆ ಚುಕ್ಕೆ ಇಟ್ಟು ಐದು ನಿಮಿಷಕ್ಕೆ ಒರೆಸಿ. ಎದ್ದು ಕಾಣುವ ಕಿತ್ತಳೆ ಬಿದ್ದರೆ ಸಿದ್ಧ. ಅಲ್ಲಿಂದ ಮುಂದೆ ಕೋಣೆಯ ಬಿಸಿಗೇ ಬಿಟ್ಟರೆ ಬಣ್ಣ ಪಾತ್ರೆಯಲ್ಲೇ ಆಮ್ಲಜನಕಕ್ಕೆ ಸಿಕ್ಕಿ ಮುಗಿದುಹೋಗುತ್ತದೆ. ಎರಡು ದಿನ ಹೊರಗಿಟ್ಟ ಹಿಟ್ಟು ನೋಡಲು ಕಡುಕಂದು, ಕೈಗೆ ಬರುವುದು ಪೇಲವ. "ಹೆಚ್ಚು ಹೊತ್ತು ನೆನೆಸಿದಷ್ಟೂ ಕೆಂಪು" ಎನ್ನುವ ಮಾತು ಹಿಟ್ಟು ಬಣ್ಣ ಬಿಡುವವರೆಗೆ ನಿಜ, ಆಮೇಲೆ ಉಲ್ಟಾ.

ಚಹಾ ಡಿಕಾಕ್ಷನ್, ಕಾಫಿ, ಲವಂಗದ ಕಷಾಯ ಹಾಕುವವರು ಇದ್ದಾರೆ. ಹಿಟ್ಟು ಕಪ್ಪಗೆ ಕಾಣುತ್ತದೆ, ಚರ್ಮದ ಬಣ್ಣಕ್ಕೆ ಅದರಿಂದ ಹೆಚ್ಚಿನ ಲಾಭವಿಲ್ಲ. ಕುದಿಯುವ ದ್ರವ ಸುರಿದರಂತೂ ನಷ್ಟ.

ಬಿಸಿಲೂರು_ಗೋರಂಟಿ (ಕಲಬುರಗಿ)
ಮೇಷ್ಟ್ರು ಹೇಳಿದ್ದು ನಮ್ಮ ಕಡಿ ಬಿಸಿಲಿಗೆ ಬರೋಬ್ಬರಿ ಅದ. ಮಾರ್ಚ್ ಏಪ್ರಿಲ್‌ದಾಗ ರಂಜಾನ್ ಬಂತಂದ್ರ ಮುಂಜಾನಿ ಕಲಸಿದ್ದು ಮಧ್ಯಾಹ್ನಕ್ಕ ತಯಾರ್ರಿ. ರಾತ್ರಿ ಕಲಸಿ ಇಟ್ಟು ಮಲಗಿದ್ರ ಮುಂಜಾನಿ ಹೊತ್ತಿಗಿ ಕೆಟ್ಟಿರ್ತದ.

ಪುಡಿಗಿಂತ ಹಸಿ ಎಲಿ ಸಿಕ್ರ ಅದೇ ಛಲೋ. ಗಿಡದ ತುದಿಯ ಎಳೀ ಎಲಿ ಎರಡು ಹಿಡಿ, ಕಡ್ಡಿ ಒಂದೂ ಇರಬಾರದು. ಕಲ್ಲಾಗ ಸಣ್ಣಗ ಅರೀರಿ. ಅರೀವಾಗ ನಿಂಬೆರಸ ಇಲ್ಲಾ ಹುಣಸಿ ನೀರು ಎರಡು ಚಮಚ, ಅಷ್ಟೇ. ನೀರು ಜಾಸ್ತಿ ಬಿದ್ರ ಅಂಗೈಯಾಗ ಇಟ್ಟ ಚಂದ್ರ ಹರದು ಮುಂಗೈಗಿ ಬರ್ತದ. ಒಂದೆರಡು ತಾಸು ಬಿಟ್ಟು ಹಚ್ಚಬೇಕು. ಇದರಾಗ ಕೋನ್ ಡಿಸೈನ್ ಬರಂಗಿಲ್ಲ, ಎಲಿ ಚೂರು ತುದೀಗಿ ಸಿಕ್ಕೊಂತಾವ. ಅಂಗೈ ನಡುವ ಒಂದು ಗುಂಡ, ಸುತ್ತ ಚುಕ್ಕಿ, ಬೆರಳ ತುದಿಗಿ ಟೊಪಗಿ. ಅದರ ಕೆಂಪು ಯಾವ ಕೋನಿಗೂ ಬರಂಗಿಲ್ಲ ಬಿಡ್ರಿ.

ಮಿಕ್ಸಿಗಿ ಹಾಕಿದ್ರ ಬಿಟ್ಟು ಬಿಟ್ಟು ತಿರುಗಿಸ್ರಿ, ಜಾರು ಬಿಸಿ ಆಗೂಹಂಗ ಒಂದೇ ಸಮ ಓಡಿಸಬ್ಯಾಡ್ರಿ.

ಇನ್ನೊಂದು: ಸುಣ್ಣ. ಮೆಹಂದಿ ತೆಗದ ಮ್ಯಾಲ ಎಲಿಅಡಿಕಿ ಸುಣ್ಣ ತಿಕ್ಕೋದು ಇಲ್ಲಿ ಭಾಳ ಮಂದಿಗಿ ರೂಢಿ. ಬಣ್ಣ ತಟ್ಟನೆ ಕಪ್ಪಾಗ್ತದ ಖರೆ, ಚರ್ಮನೂ ಸುಡ್ತದ. ಮಕ್ಕಳ ಕೈಗಂತೂ ಬ್ಯಾಡೇ ಬ್ಯಾಡ.

ನೂರ್_ದಾವಣಗೆರೆ
ಹಾಗಾದರೆ ಚಾಂದ್ ರಾತ್ ಬಿಟ್ಟು ಮುಂಚೆಯೇ ಹಚ್ಚಬೇಕು. ಆದರೆ ಚಂದ್ರ 29ಕ್ಕೋ 30ಕ್ಕೋ ಯಾರಿಗೆ ಗೊತ್ತು?

ಕೋನ್_ಕೈ (ಶಿವಾಜಿನಗರ)
ಅದಕ್ಕೂ ಲೆಕ್ಕ ಇದೆ ಆಪಾ. 28ನೇ ರೋಜಾ (ಉಪವಾಸ) ಮುಗಿದ ರಾತ್ರಿ ಹಚ್ಚಿ. ರಾತ್ರಿಯ ಇಶಾ, ತರಾವೀಹ್ ನಮಾಜು ಮುಗಿಸಿ ಹತ್ತು ಗಂಟೆಗೆ ಕೂತರೆ ಸಹರಿಗೆ (ನಸುಕಿನ ಊಟಕ್ಕೆ) ಏಳುವಾಗ ನಾಲ್ಕೂವರೆಗೆ ಕೆರೆದು ತೆಗೆಯಬಹುದು, ಆರು ಗಂಟೆ ಸಿಕ್ಕಿತು. 29ರ ಸಂಜೆ ಚಂದ್ರ ಕಂಡರೆ ಹಬ್ಬದ ನಮಾಜಿನ ಹೊತ್ತಿಗೆ 27-28 ಗಂಟೆ ಆಗಿರುತ್ತೆ, ಕೆಂಪು ಕೂತಿರುತ್ತೆ. ಕಾಣದಿದ್ದರೆ ಇನ್ನೊಂದು ದಿನ ಸಿಕ್ಕಿತು, ಇನ್ನೂ ಗಾಢ. ಎರಡು ಕಡೆಯಿಂದಲೂ ನಷ್ಟ ಇಲ್ಲ.

ಚಾಂದ್ ರಾತ್ ಸಡಗರ ಹೋಗುತ್ತಲ್ಲಾ ಅನ್ನುವವರಿಗೆ: ಅಂಗೈ, ಮುಂಗೈ ದೊಡ್ಡ ಡಿಸೈನ್ 28ಕ್ಕೆ. ಚಾಂದ್ ರಾತ್‌ಗೆ ಬೆರಳ ತುದಿ ಮತ್ತು ಉಗುರು. ಬೆರಳ ತುದಿಯ ಚರ್ಮ ದಪ್ಪ, ಪೂರ್ತಿ ತುಂಬಿ ಹಚ್ಚುವುದರಿಂದ ಬೆಳಿಗ್ಗೆ ಕಿತ್ತಳೆ ಇದ್ದರೂ ಬೇರೆ ಛಾಯೆಯ ಹಾಗೆ ಚೆನ್ನಾಗೇ ಕಾಣುತ್ತೆ.

ಬಕ್ರೀದ್‌ಗೆ ಈ ತಲೆನೋವೇ ಇಲ್ಲ. ಹಬ್ಬ ಜಿಲ್‌ಹಜ್ ತಿಂಗಳ 10ಕ್ಕೆ, ತಾರೀಖು ಹತ್ತು ದಿನ ಮೊದಲೇ ಗೊತ್ತು. 7 ಇಲ್ಲವೇ 8ನೇ ತಾರೀಖಿನ ರಾತ್ರಿ ಹಚ್ಚಿ ಮುಗಿಸಿ.

ಕಡಲತೀರ_ಮೈಲಾಂಜಿ (ಮಂಗಳೂರು)
ನಮ್ಮಲ್ಲಿ ಒಂದು ತಿದ್ದುಪಡಿ ಉಂಟು. ಕರಾವಳಿಯವರು ಹೆಚ್ಚಾಗಿ ಕೇರಳದ ಚಂದ್ರದರ್ಶನ ನೋಡುವುದು, ಕೆಲವು ವರ್ಷ ಬೆಂಗಳೂರಿಗಿಂತ ಒಂದು ದಿನ ಮೊದಲೇ ಹಬ್ಬ. ಬೆಂಗಳೂರಿನ ನೆಂಟರ ಲೆಕ್ಕ ಹಿಡಿದು ಕೂತರೆ ಕೆಲಸ ಕೆಟ್ಟಿತು. ನಿಮ್ಮ ಊರಿನ ರೋಜಾ ಲೆಕ್ಕವನ್ನೇ ಹಿಡಿಯಿರಿ.

ಮತ್ತೆ ಸಕ್ಕರೆ. 100 ಗ್ರಾಂಗೆ 30 ಗ್ರಾಂ ಅಂದದ್ದು ಒಣ ಹವೆಗೆ ಸರಿ. ಮಂಗಳೂರು, ಉಡುಪಿ, ಭಟ್ಕಳದ ಸೆಕೆಗೆ ಅಷ್ಟು ಹಾಕಿದರೆ ಹಿಟ್ಟು ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ ಮಾರಾಯ್ರೆ, ಒಂದು ಗಂಟೆಯಲ್ಲಿ ಗೆರೆ ಗೆರೆ ಕೂಡಿ ಎಲ್ಲಾ ಒಂದೇ ಮುದ್ದೆ. ಇಲ್ಲಿ 12ರಿಂದ 15 ಗ್ರಾಂ ಸಾಕು. ಕಲಬುರಗಿ, ರಾಯಚೂರಿನಲ್ಲಿ ಕಮ್ಮಿ ಹಾಕಿದರೆ ಅದರ ಉಲ್ಟಾ, ಒಣಗಿ ಬಿರಿದು ರಾತ್ರಿಯೇ ಹಾಸಿಗೆ ತುಂಬಾ ಪುಡಿ. ಮೇಲಿಂದ ನಿಂಬೆ–ಸಕ್ಕರೆ ನೀರು ಹಚ್ಚುವುದಕ್ಕೂ ಇದೇ ಮಾತು. ಹತ್ತಿಯಲ್ಲಿ ಅದ್ದಿ, ಹಿಂಡಿ, ಒಂದೇ ಒಂದು ಸಲ ತಟ್ಟಬೇಕು, ಹಿಟ್ಟು ಒಣಗಿದ ಮೇಲೆ. ತೊಟ್ಟಿಕ್ಕುವಷ್ಟು ಹಾಕಿದರೆ ಬಣ್ಣದ ನೀರು ಹರಿದು ಡಿಸೈನ್ ಸುತ್ತ ಕಿತ್ತಳೆ ನೆರಳು ಬೀಳುತ್ತದೆ, ಅದು ಹೋಗುವುದಿಲ್ಲ.

ಕೋನ್ ಬರುವ ಮೊದಲು ಮಲಬಾರಿನ ಮಾಪಿಳ್ಳೆ ಮುಸ್ಲಿಮರ ಮನೆಗಳಲ್ಲಿ ಹಲಸಿನ ಮೇಣದ ಮೈಲಾಂಜಿ (ಮೆಹಂದಿ) ಇತ್ತು, ಈಗ ಕೆಲವರು ಮತ್ತೆ ಮಾಡುತ್ತಿದ್ದಾರೆ. ಹಲಸಿನ ಹಣ್ಣಿನ ಮೇಣವನ್ನು ಕೋಲಿಗೆ ಸುತ್ತಿ ಒಣಗಿಸಿ ಇಡುವುದು. ಬೇಕಾದಾಗ ಬಿಸಿ ಮಾಡಿ, ತೆಂಗಿನ ಗರಿಯ ಕಡ್ಡಿಯ ತುದಿಯಲ್ಲಿ ಎತ್ತಿ ಅಂಗೈ ಮೇಲೆ ಚುಕ್ಕೆ, ಗೆರೆ ಇಡುವುದು. ಅದರ ಮೇಲೆ ಅರೆದ ಮೈಲಾಂಜಿಯನ್ನು ಇಡೀ ಅಂಗೈಗೆ ಮೆತ್ತುವುದು. ತೆಗೆದಾಗ ಮೇಣ ಇದ್ದಲ್ಲಿ ಮೈಬಣ್ಣ, ಉಳಿದದ್ದೆಲ್ಲ ಕೆಂಪು. ಮೇಣ ಬಿಸಿ ಇರುವಾಗ ಇಡಬೇಕಾದ್ದರಿಂದ ಕಡ್ಡಿಯಲ್ಲಿ ಎತ್ತಿ ಕ್ಷಣ ತಡೆದು, ನೂಲಿನಂತೆ ಎಳೆಯುವ ಹದಕ್ಕೆ ಬಂದ ಮೇಲೆ ಮುಟ್ಟಿಸಬೇಕು. ಹನಿ ಹನಿಯಾಗಿ ಬೀಳುವಾಗ ಇಟ್ಟರೆ ಗುಳ್ಳೆ ಗ್ಯಾರಂಟಿ. ಕಿತ್ತು ತೆಗೆಯುವುದು ತೆಂಗಿನೆಣ್ಣೆ ಹಚ್ಚಿ. ಮಕ್ಕಳಿಗೆ ಬೇಡ.

ಕಿತಾಬ್_ಕಪಾಟು
ವುಜೂ ಪ್ರಶ್ನೆ. ಬಣ್ಣ ವುಜೂಗೆ ಅಡ್ಡಿಯಲ್ಲ, ಹಿಟ್ಟಿನ ಪದರ ಅಡ್ಡಿ. ಒಣಗಿದ ಹಿಟ್ಟು ಚರ್ಮದ ಮೇಲೆ ಇರುವಾಗ ನೀರು ಅಡಿಗೆ ಮುಟ್ಟುವುದಿಲ್ಲ, ವುಜೂ, ಗುಸ್ಲ್ (ಶುದ್ಧಿಸ್ನಾನ) ಎರಡೂ ಆಗುವುದಿಲ್ಲ. ಒಳನಾಡಿನ ಹನಫಿಗಳಿಗೂ ಕರಾವಳಿಯ ಶಾಫಿಗಳಿಗೂ (ಎರಡು ಬೇರೆ ಮಜ್‌ಹಬ್, ಅಂದರೆ ಧರ್ಮನಿಯಮದ ಪಂಥ) ಇದರಲ್ಲಿ ವ್ಯತ್ಯಾಸವಿಲ್ಲ. ಉಗುರಿಗೆ ಮೆಹಂದಿ ನಡೆಯುತ್ತದೆ, ನೇಲ್ ಪಾಲಿಶ್ ನಡೆಯುವುದಿಲ್ಲ ಎನ್ನುವುದೂ ಇದೇ ಕಾರಣಕ್ಕೆ. ಉಗುರಿನ ಅಂಚಿನಲ್ಲಿ, ಉಂಗುರದ ಅಡಿಯಲ್ಲಿ ಚೂರು ಉಳಿದಿರುತ್ತದೆ, ಅಲ್ಲಿ ನೋಡಿಕೊಳ್ಳಿ.

ಆದ್ದರಿಂದ ಇಶಾ ಓದಿ ಹಚ್ಚಿ, ಫಜ್ರ್‌ಗೆ (ನಸುಕಿನ ನಮಾಜಿಗೆ) ಮೊದಲು ತೆಗೆಯುವುದೇ ಸರಿಯಾದ ಹೊತ್ತು. ತೆಗೆದ ಮೇಲೆ ವುಜೂ ನೀರು ಬಿದ್ದರೆ ಬಣ್ಣ ಹಾಳಾಗುತ್ತದೆಂಬ ಭಯ ಬೇಡ. ವುಜೂಗೆ ಕೈಗೆ ಬೀಳುವುದು ಸ್ವಲ್ಪ ನೀರು, ಸೋಪಿಲ್ಲ. ಎರಡು ಹನಿ ತೆಂಗಿನೆಣ್ಣೆ ತಿಕ್ಕಿ ಒರೆಸಿಕೊಂಡರೆ ಸಾಕು. ಎಣ್ಣೆಯ ಜಿಡ್ಡಿನ ಮೇಲೆ ನೀರು ಹರಿದರೆ ವುಜೂ ಆಗುತ್ತದೆ. ದಪ್ಪಗೆ ವ್ಯಾಸಲೀನ್ ಅಥವಾ ಜೇನುಮೇಣದ ಮುಲಾಮು ಹಚ್ಚಿದ್ದರೆ ಮಾತ್ರ ಒರೆಸಿ ತೆಗೆಯಬೇಕು.

ಕೇಳುವವರು ಇರುವುದರಿಂದ ಇನ್ನಷ್ಟು: ಹಗಲಿನಲ್ಲಿ ಕೈಗೆ ಹಚ್ಚಿದರೆ ರೋಜಾ ಮುರಿಯುವುದಿಲ್ಲ. ಬಕ್ರೀದ್‌ಗೆ ಕುರ್ಬಾನಿ (ಪ್ರಾಣಿಬಲಿ) ಕೊಡುವವರು ಜಿಲ್‌ಹಜ್ 1ರಿಂದ ಕೂದಲು, ಉಗುರು ಕತ್ತರಿಸುವುದಿಲ್ಲ, ಮೆಹಂದಿಗೆ ಆ ತಡೆ ಇಲ್ಲ. ಉಗುರನ್ನು ಮಾತ್ರ ತಿಂಗಳು ಹುಟ್ಟುವ ಮೊದಲೇ ತೆಗೆದುಕೊಳ್ಳಿ. ಗಂಡ ತೀರಿಕೊಂಡು ಇದ್ದತ್‌ನಲ್ಲಿ (ಕಾಯುವ ಅವಧಿಯಲ್ಲಿ) ಇರುವವರು ಹಚ್ಚುವುದಿಲ್ಲ, ಹಬ್ಬವೆಂದು ಅವರನ್ನು ಒತ್ತಾಯಿಸಬೇಡಿ. ಹಜ್, ಉಮ್ರಾಕ್ಕೆ ಹೋಗುವ ಹನಫಿಗಳು ಇಹ್ರಾಮ್ (ಯಾತ್ರೆಯ ವ್ರತ) ಕಟ್ಟಿದ ಮೇಲೆ ಮೆಹಂದಿ ಮುಟ್ಟಬಾರದು, ಆ ಮಜ್‌ಹಬ್‌ನಲ್ಲಿ ಅದನ್ನು ಸುಗಂಧವೆಂದು ಎಣಿಸಿದ್ದಾರೆ. ಅಲ್ಲಾಹನ ಹೆಸರು, ಆಯತ್ ಕೈ ಮೇಲೆ ಬರೆಸಬೇಡಿ, ಅದೇ ಕೈಯಿಂದ ಶೌಚಕ್ಕೂ ಹೋಗಬೇಕಲ್ಲ.

ಬಳೆ_ಅಂಗಡಿ
ನೀವೆಲ್ಲಾ ಹೇಳೋದು ಚೆನ್ನಾಗಿದೆ. ಅಂಗಡೀಲಿ ಹೋಗೋದು ಮಾತ್ರ ಎಮರ್ಜೆನ್ಸಿ ಕೋನ್. ಚಂದ್ರ ಕಂಡ ಮೇಲೆ ಒಂಬತ್ತು ಗಂಟೆಗೆ ಬಂದು "ಹತ್ತು ನಿಮಿಷಕ್ಕೆ ಕೆಂಪಾಗೋದು ಕೊಡಿ" ಅನ್ನೋರಿಗೆ 48 ಗಂಟೆ ಕಥೆ ಹೇಳಿದರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಇಷ್ಟು ಮಾರಾಟ ಆಗುತ್ತೆ, ಎಷ್ಟು ಜನಕ್ಕೆ ಏನಾಗಿದೆ?

ಚರ್ಮದ_ಡಾಕ್ಟರ್
ಎರಡು ಬೇರೆ ಬೇರೆ ಸರಕನ್ನು ಒಂದೇ ಹೆಸರಿನಲ್ಲಿ ಮಾರುತ್ತಿದ್ದೀರಿ, ಮೊದಲು ಅದನ್ನು ಬಿಡಿಸೋಣ.

ಒಂದು, ಹತ್ತು ಹದಿನೈದು ನಿಮಿಷಕ್ಕೆ ಕೆಂಪು ಬರುವ ಎಮರ್ಜೆನ್ಸಿ ಕೋನ್. ಇದರಲ್ಲಿ ಹೆಚ್ಚಾಗಿ ಪಿಕ್ರಾಮೇಟ್ ಜಾತಿಯ ಕೃತಕ ಬಣ್ಣ. ಲೇಬಲ್‌ನಲ್ಲಿ ಬರೆದಿರುವುದೇ ಅಪರೂಪ.

ಇನ್ನೊಂದು, ಔಟ್‌ಲೈನ್‌ಗೆ ಅಂತ ಬರುವ ಕಪ್ಪು ಕೋನ್. ಇದರಲ್ಲಿರುವುದು ಪಿಪಿಡಿ, ಅಂದರೆ ಪ್ಯಾರಾ-ಫಿನಿಲೀನ್‌ಡೈಅಮೀನ್, ತಲೆಗೂದಲ ಡೈಯ ಮೂಲವಸ್ತು. ಯುರೋಪಿನಲ್ಲಿ ಕೂದಲ ಡೈಗೆ ಹಚ್ಚುವ ಹಂತದಲ್ಲಿ ಶೇ. 2 ಮಿತಿ, ಚರ್ಮಕ್ಕೆ ಹಚ್ಚಲು ಅನುಮತಿಯೇ ಇಲ್ಲ. ಅಮೆರಿಕದಲ್ಲಿ ಅಪ್ಪಟ ಮೆಹಂದಿಗೂ ಮಂಜೂರಾತಿ ಇರುವುದು ಕೂದಲಿಗೆ ಮಾತ್ರ. ಕಪ್ಪು ಟ್ಯಾಟೂ ಮಿಶ್ರಣದಲ್ಲಿ ಶೇ. 15ನ್ನೂ ದಾಟಿದ ಪಿಪಿಡಿ ಸಿಕ್ಕಿದ್ದು ವೈದ್ಯಕೀಯ ವರದಿಗಳಲ್ಲಿದೆ.

"ಯಾರಿಗೂ ಏನೂ ಆಗಿಲ್ಲ" ಅನಿಸಲು ಕಾರಣವಿದೆ. ಮೊದಲ ಸಲ ಹಚ್ಚಿದಾಗ ಬಹಳ ಮಂದಿಗೆ ಏನೂ ಆಗುವುದಿಲ್ಲ, ದೇಹ ಆ ವಸ್ತುವನ್ನು ಗುರುತು ಹಿಡಿದು ಇಟ್ಟುಕೊಳ್ಳುತ್ತದೆ ಅಷ್ಟೇ. ಮುಂದಿನ ಹಬ್ಬಕ್ಕೆ ಹಚ್ಚಿದಾಗ ಒಂದರಿಂದ ಮೂರು ದಿನದೊಳಗೆ ಡಿಸೈನ್ ಇದ್ದಲ್ಲೇ, ಅದೇ ಬಳ್ಳಿ, ಅದೇ ಹೂವಿನ ಆಕಾರದಲ್ಲಿ ಚರ್ಮ ಉಬ್ಬಿ ತುರಿಸಿ ನೀರುಗುಳ್ಳೆ ಏಳುತ್ತದೆ. ಅಷ್ಟರಲ್ಲಿ ಕೋನ್ ಕಸದ ಬುಟ್ಟಿ ಸೇರಿರುತ್ತದೆ, ನಿಮ್ಮ ಅಂಗಡಿಗೆ ಯಾರೂ ಹೇಳಲು ಬರುವುದಿಲ್ಲ. ವಾಸಿಯಾದ ಮೇಲೆ ಮಕ್ಕಳಲ್ಲಿ ಬಿಳಿಚಿದ ಗುರುತು ತಿಂಗಳುಗಟ್ಟಲೆ ಉಳಿಯಬಹುದು. ಒಮ್ಮೆ ಬಂದ ಅಲರ್ಜಿ ಜೀವನಪೂರ್ತಿ. ಮುಂದೆ ಕೂದಲ ಡೈ ಹಚ್ಚಿದರೆ ಮುಖ, ಕಣ್ಣು ಊದಿಕೊಳ್ಳುತ್ತದೆ. ಬೆಂಜೊಕೇನ್ ಎಂಬ ಮರಗಟ್ಟಿಸುವ ಔಷಧಿ, ಕೆಲವು ಸಲ್ಫಾ ಔಷಧಿಗೂ ಪ್ರತಿಕ್ರಿಯೆ ಬರಬಹುದು.

ಉರಿ ಶುರುವಾದರೆ ತಕ್ಷಣ ಕೆರೆದು ತೆಗೆದು ಸೋಪು, ಧಾರಾಳ ನೀರಿನಲ್ಲಿ ತೊಳೆಯಿರಿ. "ನಾಳೆ ಬಣ್ಣ ಬರಲಿ" ಎಂದು ಕಾಯಬೇಡಿ. ಗುಳ್ಳೆ ಒಡೆಯಬೇಡಿ, ಅರಿಶಿನ, ಟೂತ್‌ಪೇಸ್ಟ್ ಬಳಿಯಬೇಡಿ, ಚರ್ಮದ ವೈದ್ಯರಿಗೆ ತೋರಿಸಿ.

ನೂರ್ ಅವರೇ, ನಿಮ್ಮ ಎಂಟು ತಿಂಗಳ ಕೂಸಿಗೆ ಅಪ್ಪಟ ಮೆಹಂದಿಯೂ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಲ್ಲಿ ಲಾಸೋನ್ ರಕ್ತಕ್ಕೆ ಸೇರಿ ಕೆಂಪುಕಣ ಒಡೆದು ಕಾಮಾಲೆ, ತೀವ್ರ ರಕ್ತಹೀನತೆ ಬಂದಿರುವುದು ದಾಖಲಾಗಿದೆ. ಕೊರತೆ ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಅಂಗಾಲಿಗೆ ಪೂರ್ತಿ ಮೆತ್ತುವ ರೂಢಿ ಇದೆಯಲ್ಲ, ಅದು ಎಲ್ಲಕ್ಕಿಂತ ಅಪಾಯ. ಶಾಲೆಗೆ ಹೋಗುವ ಮಕ್ಕಳಿಗೆ ಚುಕ್ಕೆ, ಹೂವು ಪರವಾಗಿಲ್ಲ, ಮನೆಯಲ್ಲಿ ಯಾರಿಗೂ ಈ ಕೊರತೆ ಇಲ್ಲದಿದ್ದರೆ. ಎಣ್ಣೆ ಅವರಿಗೂ ಬಸುರಿಯರಿಗೂ ಲ್ಯಾವೆಂಡರ್ ಆಗಲಿ, ಲವಂಗದ ಎಣ್ಣೆ ಚರ್ಮ ಸುಡುತ್ತದೆ.

ನೂರ್_ದಾವಣಗೆರೆ
ಕೂಸಿನ ವಿಷಯ ಹೇಳಿದ್ದು ಒಳ್ಳೆಯದಾಯಿತು ಡಾಕ್ಟರೇ. ಅಂಗಡಿಯಲ್ಲಿ "ಆರ್ಗಾನಿಕ್", "ನೋ ಕೆಮಿಕಲ್" ಅಂತ ಬರೆದ ಕೋನ್ ಸಿಗುತ್ತಲ್ಲ, ಅದನ್ನು ನೋಡಿ ಪತ್ತೆ ಹಚ್ಚೋದು ಹೇಗೆ?

ರಸಾಯನ_ಮೇಷ್ಟ್ರು
ಬರಹ ಬಿಡಿ, ಎಲ್ಲಿ ಇಟ್ಟಿದ್ದಾರೆ ನೋಡಿ. ಅಪ್ಪಟ ಹಿಟ್ಟು ಹೊರಗಡೆ ಎರಡು ದಿನವೂ ಬಾಳದು, ಫ್ರಿಜ್‌ನಲ್ಲಿ ಒಂದು ವಾರ, ಫ್ರೀಜರ್‌ನಲ್ಲಿ ತಿಂಗಳುಗಟ್ಟಲೆ. ಬಿಸಿಲು ಬೀಳುವ ಅಂಗಡಿಯಲ್ಲಿ ಆರು ತಿಂಗಳಿಂದ ನೇತಾಡುತ್ತಿರುವ ಕೋನ್ ಇನ್ನೂ ಬಣ್ಣ ಕೊಡುತ್ತದೆಂದರೆ ಆ ಬಣ್ಣ ಎಲೆಯದಲ್ಲ.

ಎರಡನೆಯದು ವೇಗ. ಅರ್ಧ ಗಂಟೆಯೊಳಗೆ ಕಡುಗೆಂಪು ಅಥವಾ ಕಪ್ಪು ಬಂದರೆ ಲಾಸೋನ್‌ನ ಕೆಲಸವಲ್ಲ. ಮೂರನೆಯದು ಜಾಗ. ಅಪ್ಪಟ ಮೆಹಂದಿ ಅಂಗೈಯಲ್ಲಿ ಕಡು, ಮುಂಗೈಯಲ್ಲಿ ತಿಳಿ, ತೋಳಿನಲ್ಲಿ ಇನ್ನೂ ತಿಳಿ, ಚರ್ಮದ ದಪ್ಪಕ್ಕೆ ತಕ್ಕಂತೆ. ಎಲ್ಲಾ ಕಡೆ ಒಂದೇ ಕಪ್ಪು ಬಂದರೆ ಡೈ. ಸೀಮೆಎಣ್ಣೆ, ಪೆಟ್ರೋಲ್, ಡೈ ವಾಸನೆ ಬಂದರೆ ಪರೀಕ್ಷೆಯೇ ಬೇಡ.

ಕೋನ್_ಕೈ (ಶಿವಾಜಿನಗರ)
ಬಳೆ ಅಂಗಡಿ ಭಾಯಿ, ನಿಮ್ಮ ಕಷ್ಟ ಸುಳ್ಳಲ್ಲ. ಕಮರ್ಷಿಯಲ್ ಸ್ಟ್ರೀಟ್ ಕಡೆ ಹಬ್ಬದ ಹಿಂದಿನ ಸಂಜೆ ಸ್ಟೂಲ್ ಹಾಕಿಕೊಂಡು ಕೂರುವವರಿಗೂ ಇದೇ ಪೇಚಾಟ, ಗಿರಾಕಿ ಎದ್ದು ಹೋಗುವ ಮೊದಲೇ ಬಣ್ಣ ಕಾಣಬೇಕು. ದಾರಿ ಇದೆ: ಐಸ್‌ಕ್ರೀಮ್ ಫ್ರೀಜರ್ ಇದ್ದರೆ ಅದರಲ್ಲೇ ಒಂದು ಡಬ್ಬಿ ಇಡಿ, 20ನೇ ರೋಜಾದಿಂದ ಆರ್ಡರ್ ಬರೆದುಕೊಳ್ಳಿ, 27, 28ಕ್ಕೆ ಕೊಡಿ. ಕೋನ್ ಮೇಲೆ "ಇಂದು ರಾತ್ರಿ ಹಚ್ಚಿ" ಅಂತ ಚೀಟಿ ಅಂಟಿಸಿ. ಕೆಂಪು ನೋಡಿದವರು ಮುಂದಿನ ವರ್ಷ ತಾವೇ ಬರ್ತಾರೆ. ಕಪ್ಪು ಕೋನ್ ಮಾತ್ರ ಇಡಲೇಬೇಡಿ, ಒಂದು ಮಗುವಿನ ಕೈ ಸುಟ್ಟರೆ ಊರೆಲ್ಲಾ ನಿಮ್ಮ ಅಂಗಡಿ ಹೆಸರೇ ಹೇಳುತ್ತೆ.

ಫ್ರೀಜರ್‌ನಿಂದ ತೆಗೆದ ಕೋನ್ ಅರ್ಧ ಗಂಟೆ ಹೊರಗಿರಲಿ. ಮೈಮೇಲೆ ಕೂತ ನೀರಿನ ಹನಿ ಒರೆಸಿ, ಇಲ್ಲದಿದ್ದರೆ ಡಿಸೈನ್ ಮೇಲೆ ತೊಟ್ಟಿಕ್ಕುತ್ತೆ. ಬಿಸಿನೀರಲ್ಲಿ ಇಟ್ಟು ಕರಗಿಸಬೇಡಿ.

ಬಳೆ_ಅಂಗಡಿ
ಫ್ರೀಜರ್ ಇದೆ, ಕುಲ್ಫಿ ಪಕ್ಕ ಜಾಗ ಮಾಡೋಣ. ಕಪ್ಪು ಸ್ಟಾಕ್ ವಾಪಸ್ ಕಳಿಸ್ತೀನಿ. ಗಂಡಸರು ಗಡ್ಡಕ್ಕೆ ಕೇಳೋ ಕಾಲಿ (ಕಪ್ಪು) ಮೆಹಂದಿ ಪ್ಯಾಕೆಟ್ ಕಥೆಯೂ ಇದೇನಾ?

ಚರ್ಮದ_ಡಾಕ್ಟರ್
ಬಹುಪಾಲು ಇದೇ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರ ಓದಿ, ಪಿಪಿಡಿ ಹೆಸರು ಅಲ್ಲೇ ಇರುತ್ತದೆ. ಬಳಸುವವರು ಕಿವಿಯ ಹಿಂದೆ ಹಚ್ಚಿ 48 ಗಂಟೆ ನೋಡಲಿ.

ಕಿತಾಬ್_ಕಪಾಟು
ಬಿಳಿಗೂದಲಿಗೆ ಹಚ್ಚಲು ಉತ್ತಮವಾದದ್ದು ಮೆಹಂದಿ ಮತ್ತು ಕತಮ್ (ಕಡು ಬಣ್ಣ ಕೊಡುವ ಒಂದು ಗಿಡ) ಎಂಬ ಹದೀಸ್ (ಪ್ರವಾದಿಯ ಮಾತು) ತಿರ್ಮಿದಿ, ಅಬೂದಾವೂದ್ ಸಂಗ್ರಹಗಳಲ್ಲಿದೆ. ಅಚ್ಚ ಕಪ್ಪನ್ನು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಗಡ್ಡಕ್ಕೆ 25 ಗ್ರಾಂ ತಲೆಮೆಹಂದಿ, ನೀರಿನಲ್ಲಿ ಕಲಸಿ, ಎರಡು ಮೂರು ಗಂಟೆ. ಎಣ್ಣೆ, ಸಕ್ಕರೆ ಏನೂ ಬೇಡ. ಗಂಡಸರು ಅಲಂಕಾರಕ್ಕೆಂದು ಕೈಕಾಲಿಗೆ ಹಚ್ಚುವುದನ್ನು ಬೇಡವೆಂದೇ ಹೇಳಿದ್ದಾರೆ, ಔಷಧಿಗಾದರೆ ಸರಿ.

ಟೆರೇಸ್_ತೋಟ
ಡಿಸೈನ್ ಬಗ್ಗೆ ಯಾರೂ ಮಾತೆತ್ತಿಲ್ಲ. ಕೊಲ್ಲಿ ಕಡೆಯ ಖಲೀಜಿ ಮಾದರಿ ಅಂದರೆ ದೊಡ್ಡ ಹೂ, ಬಳ್ಳಿ, ನಡುವೆ ಧಾರಾಳ ಖಾಲಿ ಜಾಗ. ಮೊರಾಕೋದಲ್ಲಿ ಕೋನ್ ಬದಲು ಸೂಜಿಯ ಸಿರಿಂಜ್, ಚೌಕ, ತ್ರಿಕೋನ. 2024ರ ಡಿಸೆಂಬರ್‌ನಲ್ಲಿ 16 ಅರಬ್ ದೇಶಗಳು ಸೇರಿ ಮೆಹಂದಿ ಆಚರಣೆಯನ್ನು ಯುನೆಸ್ಕೋದ ಅಮೂರ್ತ ಪರಂಪರೆ ಪಟ್ಟಿಗೆ ಸೇರಿಸಿದವು. ಹೊಸಬರಿಗೆ ಖಲೀಜಿಯೇ ಸುಲಭ, ಗೆರೆ ಸ್ವಲ್ಪ ಸೊಟ್ಟಗಾದರೂ ಎಲೆ ಹಾಕಿ ಮುಚ್ಚಬಹುದು. ನಮ್ಮ ರಾಜಸ್ಥಾನಿ ತುಂಬು ಡಿಸೈನ್‌ನಲ್ಲಿ ಸೊಟ್ಟ ಗೆರೆ ಮುಚ್ಚಲು ಜಾಗವೇ ಇರುವುದಿಲ್ಲ.

ಕೋನ್_ಕೈ (ಶಿವಾಜಿನಗರ)
ಮೊರಾಕೋದ ಸಿರಿಂಜ್ ತುದಿ ಚುಚ್ಚುವಂಥದ್ದಲ್ಲ, ಮೊಂಡು. ಯಾರಾದರೂ ಮನೆಯಲ್ಲಿರೋ ಇಂಜೆಕ್ಷನ್ ಸೂಜಿ ತಗೊಂಡು ಕೂತಾರು ಅಂತ ಹೇಳಿದೆ.

ಕೈಗೆ ಲೋಷನ್, ಕ್ರೀಮ್ ಇದ್ದರೆ ಬಣ್ಣ ಹಿಡಿಯಲ್ಲ. ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಗೆರೆಗೆ ದಪ್ಪ ಇರಲಿ, ಕೋನ್ ತುದಿ ಚರ್ಮಕ್ಕೆ ಉಜ್ಜದೆ ಅಕ್ಕಿಕಾಳಿನಷ್ಟು ಮೇಲೆ ಹಿಡಿದು ದಾರದ ಹಾಗೆ ಇಳಿಬಿಡಿ. ಉಜ್ಜಿ ಬರೆದ ತೆಳು ಗೆರೆ ಅರ್ಧ ಗಂಟೆಗೇ ಒಣಗಿ ಹೋಗುತ್ತೆ, ಬಣ್ಣವೂ ಅಷ್ಟಕ್ಕೇ ನಿಲ್ಲುತ್ತೆ. ಬಲಗೈಯವರಿಗೆ ಎಡಗೈ ಮೊದಲು. ತವಾ ಮೇಲೆ ಲವಂಗ ಹುರಿದು ಹೊಗೆಗೆ ಕೈ ಹಿಡಿಯೋದು ಸರಿಯೇ, ಕೆಲಸ ಮಾಡೋದು ಬಿಸಿ. ಅಂಗೈ ತಾಳುವಷ್ಟು ದೂರ ಇರಲಿ. ಎಸಿ ಕೋಣೆಯಲ್ಲಿ ಮಲಗಬೇಡಿ, ತಣ್ಣಗಿನ ಕೈಗೆ ಬಣ್ಣ ಹತ್ತಲ್ಲ. ಟಿಶ್ಯೂ ಸುತ್ತಿ ಹಳೇ ಕಾಲುಚೀಲ ಹಾಕಿ ಮಲಗಿ.

ಬಿಸಿಲೂರು_ಗೋರಂಟಿ (ಕಲಬುರಗಿ)
ತೆಗಿಯೂದು ಚಮಚದ ಹಿಂಭಾಗದಿಂದ, ಆಮ್ಯಾಲ ಎಣ್ಣಿ ಹಚ್ಚಿ ನಿಂಬಿ ಸಿಪ್ಪಿಲೆ ತಿಕ್ಕಿ. ನಲ್ಲಿ ಕೆಳಗ ಹಿಡೀಬ್ಯಾಡ್ರಿ. ಹಬ್ಬದ ಅಡಗಿ ಪಾತ್ರಿ ಬೇರೆಯವ್ರು ತಿಕ್ಕಲಿ, ಪಾತ್ರಿ ಸೋಪು, ಬ್ಲೀಚಿಂಗ್ ಪೌಡರ್ ಎರಡೇ ದಿನದಾಗ ಬಣ್ಣ ತಿಂದಬಿಡ್ತಾವ.

ಇನ್ನೊಂದು ಮಾತು. ಹಬ್ಬ ಮುಗದ ಕೂಡ್ಲೇ ರೇಷನ್ ತರೂದು, ಪರೀಕ್ಷಾಕ್ಕ ಬೆರಳಚ್ಚು ಕೊಡೂದು ಇದ್ದವ್ರು ಹೆಬ್ಬೆರಳು, ತೋರಬೆರಳಿನ ತುದಿ ಖಾಲಿ ಬಿಡ್ರಿ. ಯಂತ್ರ ಕೆಲವೊಮ್ಮಿ ಗುರುತು ಹಿಡಿಯಂಗಿಲ್ಲ.

ಚರ್ಮದ_ಡಾಕ್ಟರ್
ಆಪರೇಷನ್ ಗೊತ್ತುಪಡಿಸಿದವರಿಗೂ ಅದೇ. ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಅಳೆಯುವ ಕ್ಲಿಪ್ ಬೆಳಕಿನಿಂದ ಕೆಲಸ ಮಾಡುತ್ತದೆ, ಗಾಢ ಬಣ್ಣ ಅದನ್ನು ಗೊಂದಲ ಮಾಡಬಹುದು. ಚರ್ಮದ್ದು ಒಂದೆರಡು ವಾರಕ್ಕೆ ಹೋಗುತ್ತದೆ, ಉಗುರಿನದು ಉಗುರು ಬೆಳೆದು ಕತ್ತರಿಸುವ ತನಕ, ನಾಲ್ಕೈದು ತಿಂಗಳು.

ನೂರ್_ದಾವಣಗೆರೆ
ದಾವಣಗೆರೆ ಹವೆಗೆ ಸಕ್ಕರೆ 25 ಗ್ರಾಂ ಹಾಕ್ತೀನಿ. 27ರ ರಾತ್ರಿ ಕಲಸಿ, 28ರ ಬೆಳಿಗ್ಗೆ ಸೋಸಿ ಕೋನ್ ಕಟ್ಟಿ ಫ್ರೀಜರ್, ರಾತ್ರಿ ಹಚ್ಚೋದು. ಸರಿಯಾ ಆಪಾ?

ಕೋನ್_ಕೈ (ಶಿವಾಜಿನಗರ)
ರಾತ್ರಿ ಕಲಸಿದ್ದನ್ನು ಸಹರಿ ಹೊತ್ತಿಗೇ ಎದ್ದು ಚುಕ್ಕೆ ಇಟ್ಟು ನೋಡಿ. ಬಿಸಿಲುಗಾಲ ಆದ್ದರಿಂದ ಆಗಲೇ ಬಣ್ಣ ಬಿಟ್ಟಿರುತ್ತೆ. ಬಿಟ್ಟಿದ್ದರೆ ಪಾತ್ರೆ ಸಮೇತ ಫ್ರಿಜ್‌ಗೆ ಇಟ್ಟು ಬೆಳಿಗ್ಗೆ ನಿಧಾನಕ್ಕೆ ಸೋಸಿಕೊಳ್ಳಿ. ಕೋನ್ ಬಾಯಿ ಮಡಚುವಾಗ ಒಳಗಿನ ಗಾಳಿ ಪೂರ್ತಿ ಹೊರಗೆ ಒತ್ತಿಬಿಡಿ, ಇಲ್ಲದಿದ್ದರೆ ರಾತ್ರಿ ಒತ್ತಿದಾಗ ಮೇಲಿಂದ ಉಕ್ಕುತ್ತೆ.